ಹೆಣ್ಣು ಮೀನಿನ ಕಿವಿಗೆ ಶ್ರುತಿ ಹಿಡಿಯುವವರು ಯಾರು?

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಸ್ಯಾನ್‌ಫ್ರಾನ್ಸಿಸ್ಕೋ ನಗರದಿಂದ ಗೋಲ್ಡನ್ ಗೇಟ್ ಸೇತುವೆ ದಾಟಿದ ಕೂಡಲೇ ಸಿಗುವ ಪುಟ್ಟ ಊರು ಸಾಸಲಿಟೊ. ಅಲ್ಲಿಯ ಕೊಲ್ಲಿಯ ನೀರಿನ ಮೇಲೆ ದೋಣಿಮನೆಗಳ ಒಂದು ಬಡಾವಣೆಯೇ ಇದೆ. 1980ರ ದಶಕದಲ್ಲಿ ಈ ಮನೆಗಳ ನಿವಾಸಿಗಳಿಗೆ ವಿಚಿತ್ರವಾದ ಕಾಟವೊಂದು ಶುರುವಾಯಿತು. ಬೇಸಿಗೆಯ ರಾತ್ರಿಗಳಲ್ಲಿ, ಊರೆಲ್ಲ ಮಲಗಿದ ಮೇಲೆ, ಮನೆಯ ತಳದಿಂದ ಗುಂಯ್ ಎಂಬ ಒಂದೇ ಸಮನೆಯ ಸದ್ದು. ಕಿವಿಗೆ ಹತ್ತಿ ತುರುಕಿಕೊಂಡರೂ ಹಾಸಿಗೆಯ ಮೂಲಕ ಮೈಗೆ ಏರಿಬರುವ ಸದ್ದು. ಒಳಚರಂಡಿಯ ಪಂಪು ಇರಬೇಕು ಎಂದರು ಕೆಲವರು. ನೌಕಾಪಡೆಯವರ ಗುಟ್ಟಿನ ಪ್ರಯೋಗ ಎಂದರು ಮತ್ತೆ ಕೆಲವರು. ಅನ್ಯಗ್ರಹದವರ ಮೇಲೂ ಗುಮಾನಿ ಹೋಯಿತು. ಕಡೆಗೆ ಸ್ಯಾನ್‌ಫ್ರಾನ್ಸಿಸ್ಕೋದ ಸ್ಟೈನ್‌ಹಾರ್ಟ್ ಮತ್ಸ್ಯಾಲಯದ ನಿರ್ದೇಶಕರಾಗಿದ್ದ ಜಾನ್ ಮೆಕಾಸ್ಕರ್ ಅವರು ಇದು ಯಂತ್ರದ ಸದ್ದಲ್ಲ, ಮೀನಿನ ಸದ್ದು ಎಂದು ತೋರಿಸಿಕೊಟ್ಟರು. ಹೆಣ್ಣನ್ನು ಕರೆಯುತ್ತಿರುವ ಗಂಡು ಮೀನಿನ ಸದ್ದು.

ಆ ಸದ್ದು ಹೇಗಿರುತ್ತದೆ ಎಂದು ಊಹಿಸಲು ನಾವು ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ಬೀದಿಯ ಮೂಲೆಯಲ್ಲಿರುವ ವಿದ್ಯುತ್ ಟ್ರಾನ್ಸ್‌ಫಾರ್ಮರ್ ಪಕ್ಕ ರಾತ್ರಿ ಹೊತ್ತು ಒಂದು ಗಳಿಗೆ ನಿಂತರೆ ಸಾಕು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಆವರ್ತಿಸುವುದರಿಂದ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು ಸೆಕೆಂಡಿಗೆ 100 ಬಾರಿ ಕಂಪಿಸಿ ಗುಂಯ್‌ಗುಡುತ್ತದೆ. ಈ ಮೀನಿನ ಕರೆಯೂ ಹೆಚ್ಚುಕಡಿಮೆ ಅದೇ ಸ್ಥಾಯಿಯದು.

ಮೀನಿನ ಹೆಸರು ಪ್ಲೇನ್‌ಫಿನ್ ಮಿಡ್‌ಶಿಪ್‌ಮನ್. ಶಾಸ್ತ್ರೀಯ ನಾಮ ಪೊರಿಕ್ಥಿಸ್ ನೊಟೇಟಸ್. ಅದರ ಹೊಟ್ಟೆಯ ಕೆಳಗೆ ಸಾಲಾಗಿ ಬೆಳಕು ಸೂಸುವ ಚುಕ್ಕೆಗಳಿವೆ. ನೌಕಾಪಡೆಯ ಕಿರಿಯ ಅಧಿಕಾರಿಗಳ ಕೋಟಿನ ಗುಂಡಿಗಳ ಹಾಗೆ ಕಾಣುತ್ತವೆ ಎಂದು ಈ ಹೆಸರು. ಹೆಸರು ಠೀವಿಯದಾದರೂ ರೂಪ ಅಷ್ಟಕ್ಕಷ್ಟೆ. ದಪ್ಪ ತಲೆ, ಅಗಲ ಬಾಯಿ, ನೆತ್ತಿಗೆ ಹತ್ತಿರದ ಕಣ್ಣು; ನೆಲಗಪ್ಪೆಯ ದೂರದ ನೆಂಟನಂತೆ ಇದೆ. ಚಳಿಗಾಲವೆಲ್ಲ ಆಳ ಸಮುದ್ರದಲ್ಲಿ ಕಳೆಯುವ ಇದು ವಸಂತದ ಕೊನೆಗೆ ದಡಕ್ಕೆ ಬರುತ್ತದೆ. ಗಂಡು ಅಲೆ ಏರಿಳಿಯುವ ಜಾಗದಲ್ಲಿ ಬಂಡೆಯ ಅಡಿಯ ಮರಳು ಕೆದಕಿ ಗೂಡು ಮಾಡುತ್ತದೆ. ಕತ್ತಲಾದ ಮೇಲೆ ಹಾಡು. ಅದರ ಗಾಳಿಚೀಲದ ಎರಡೂ ಮಗ್ಗುಲಲ್ಲಿ ಬಲವಾದ ಸ್ನಾಯುಗಳಿವೆ. ಅವು ಸೆಕೆಂಡಿಗೆ ಸುಮಾರು ನೂರು ಸಲ ಕುಗ್ಗಿ ಹಿಗ್ಗಿ ಚೀಲವನ್ನು ಡೋಲಿನಂತೆ ಬಾರಿಸುತ್ತವೆ. ಉಸಿರು ಕಟ್ಟಿ ಹಿಡಿದಂತೆ ಒಂದೇ ಎಳೆಯಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಹಾಡುವುದುಂಟು.

ಹೆಣ್ಣು ಆ ಸದ್ದನ್ನು ಹಿಡಿದು ಬರುತ್ತದೆ. ಒಂದು ಗೂಡನ್ನು ಆರಿಸಿ ಒಳಹೋಗಿ, ಬಂಡೆಯ ತಳಕ್ಕೆ, ಅಂದರೆ ಗೂಡಿನ ಚಾವಣಿಗೆ, ಮೊಟ್ಟೆಗಳನ್ನು ಒಂದೊಂದಾಗಿ ಅಂಟಿಸಿ ಹೊರಟುಹೋಗುತ್ತದೆ. ಆಮೇಲಿನ ಬಾಣಂತನವೆಲ್ಲ ಗಂಡಿನದೇ. ಸಮುದ್ರ ಇಳಿದಾಗ ನೀರಿಲ್ಲದ ಬಂಡೆಯ ಅಡಿಯಲ್ಲಿ ಗಾಳಿಯನ್ನೇ ಉಸಿರಾಡುತ್ತ, ವಾರಗಟ್ಟಲೆ ಅದು ಮೊಟ್ಟೆ ಕಾಯುತ್ತದೆ. ನಡುನಡುವೆ ಮತ್ತೆ ಹಾಡಿ ಬೇರೆ ಹೆಣ್ಣುಗಳನ್ನೂ ಕರೆಯುತ್ತದೆ ಎಂಬುದನ್ನೂ ಹೇಳಿಬಿಡಬೇಕು. ಇಲ್ಲದಿದ್ದರೆ ಏಕಪತ್ನೀವ್ರತಸ್ಥನೆಂದು ಓದುಗರು ತಪ್ಪು ತಿಳಿದಾರು.

ಕತ್ತಲ ನೀರಿನಲ್ಲಿ ನಡೆಯುವ ಸ್ವಯಂವರ ಇದು. ದಮಯಂತಿಯ ಮುಂದೆ ಐವರು ನಳರು ಕುಳಿತಿದ್ದಾಗ ಎವೆಯಿಕ್ಕದವರು ದೇವತೆಗಳು, ಎವೆಯಿಕ್ಕುವವನು ನಳ ಎಂದು ಆಕೆ ಗುರುತು ಹಿಡಿದಳಂತೆ. ಮೀನಿಗೆ ಈ ಉಪಾಯ ನಡೆಯದು. ದೇವತೆಗಳಿಗೂ ಮೀನಿಗೂ ‘ಅನಿಮಿಷ’ ಎಂಬ ಒಂದೇ ಹೆಸರು ಇರುವುದು ಎರಡಕ್ಕೂ ರೆಪ್ಪೆ ಬಡಿಯುವ ಅಭ್ಯಾಸವಿಲ್ಲ ಎಂಬ ಕಾರಣಕ್ಕೇ. ಮೇಲಾಗಿ ಆ ಹೊತ್ತಿನಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಇರುವುದು ಕಿವಿಯೊಂದೇ.

ಕಾರ್ನೆಲ್ ವಿಶ್ವವಿದ್ಯಾಲಯದ ಆ್ಯಂಡ್ರೂ ಬಾಸ್ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಈ ಮೀನಿನ ಹಿಂದೆ ಬಿದ್ದವರು. ನೀರಿನೊಳಗೆ ಧ್ವನಿವರ್ಧಕ ಇಳಿಬಿಟ್ಟು ಗಂಡಿನ ಕರೆಯಂಥದೇ ಸ್ವರ ನುಡಿಸಿದರೆ, ಮೊಟ್ಟೆ ತುಂಬಿದ ಹೆಣ್ಣು ನೇರವಾಗಿ ಧ್ವನಿವರ್ಧಕದ ಬಳಿಗೇ ಬರುತ್ತದೆ. ಮೊಟ್ಟೆಯಿಟ್ಟು ಮುಗಿಸಿದ ಹೆಣ್ಣು ತಿರುಗಿಯೂ ನೋಡುವುದಿಲ್ಲ. ಸದ್ದು ಅದೇ, ನೀರು ಅದೇ, ಮೀನೂ ಅದೇ ಜಾತಿಯದು. ಬದಲಾದದ್ದೇನು? ಮನಸ್ಸು ಎಂದು ಬಿಡಬಹುದು. ಆದರೆ ಮೀನಿನ ಮನಸ್ಸಿಗೆ ಕೈ ಹಾಕುವ ಮೊದಲು ಈ ಸಂಶೋಧಕರು ಅದರ ಕಿವಿಯನ್ನು ಪರೀಕ್ಷಿಸಿದರು. ಅದು ಜಾಣತನದ ಕೆಲಸ ಎಂದು ನನಗನ್ನಿಸುತ್ತದೆ.

ಇಲ್ಲಿ ಸ್ವಲ್ಪ ಸಂಗೀತದ ವಿಚಾರ ಬೇಕು. ತಂಬೂರಿಯ ಷಡ್ಜದ ತಂತಿಯನ್ನು ಮೀಟಿದಾಗ ಷಡ್ಜವೊಂದೇ ಕೇಳುವುದಿಲ್ಲ. ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಕಂಪನದ ಸ್ವರಗಳೂ ಜೊತೆಗೆ ಹುಟ್ಟುತ್ತವೆ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ, ಯಾರೂ ಮೀಟದ ಗಾಂಧಾರ ತಾನಾಗಿ ಕೇಳಿಬರುವುದು ಐದು ಪಟ್ಟಿನ ಸ್ವರದಿಂದ. ನಮ್ಮ ಸಂಗೀತಗಾರರು ಇವನ್ನು ಸ್ವಯಂಭೂ ಸ್ವರಗಳೆಂದು ಕರೆದಿದ್ದಾರೆ. ಮಿಡ್‌ಶಿಪ್‌ಮನ್ ಗಂಡಿನ ಕರೆಯಲ್ಲಿಯೂ ಹೀಗೆಯೇ. ಬುಡದ ಸ್ವರ ಸೆಕೆಂಡಿಗೆ ಸುಮಾರು 100 ಕಂಪನದ್ದು. ಅದರ ಮೇಲೆ 200, 300, 400ರ ಉಪಸ್ವರಗಳು.

ದಡದ ತೆಳು ನೀರಿನಲ್ಲಿ ಒಂದು ತೊಡಕಿದೆ. ಆಳವಿಲ್ಲದ ಕಡೆ ತಗ್ಗಿನ ಸ್ವರ ಬಹಳ ದೂರ ಸಾಗಲಾರದು, ಬೇಗನೆ ಅಡಗಿಹೋಗುತ್ತದೆ. ಮೇಲಿನ ಉಪಸ್ವರಗಳು ಅದಕ್ಕಿಂತ ದೂರ ಹೋಗುತ್ತವೆ. ಆದ್ದರಿಂದ ದೂರದಲ್ಲಿರುವ ಹೆಣ್ಣಿಗೆ ಗಂಡಿನ ಸುಳಿವು ಸಿಗಬೇಕಾದರೆ ಅದಕ್ಕೆ ಉಪಸ್ವರಗಳು ಕೇಳಬೇಕು. ವಿಚಿತ್ರವೆಂದರೆ ಚಳಿಗಾಲದಲ್ಲಿ ಹಿಡಿದ ಹೆಣ್ಣುಗಳ ಒಳಕಿವಿಯ ನರಗಳನ್ನು ಪರೀಕ್ಷಿಸಿದಾಗ, ಅವು ಬುಡದ ಸ್ವರಕ್ಕೆ ಚೆನ್ನಾಗಿ ಮಿಡಿದರೂ ಉಪಸ್ವರಗಳಿಗೆ ಮಂದವಾಗಿದ್ದವು. ಬೇಸಿಗೆಯಲ್ಲಿ ಹಿಡಿದ ಹೆಣ್ಣುಗಳ ಕಿವಿ ಉಪಸ್ವರಗಳನ್ನೂ ಸ್ಪಷ್ಟವಾಗಿ ಹಿಡಿಯುತ್ತಿತ್ತು. ಒಂದೇ ಜಾತಿಯ ಹೆಣ್ಣಿಗೆ ವರ್ಷದಲ್ಲಿ ಎರಡು ಬಗೆಯ ಕಿವಿ!

ಇದಕ್ಕೆ ಕಾರಣವನ್ನು ಜೋಸೆಫ್ ಸಿಸ್ನೆರೋಸ್, ಬಾಸ್ ಮತ್ತು ಸಂಗಡಿಗರು 2004ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೆಣ್ಣಿನ ರಕ್ತದಲ್ಲಿ ಈಸ್ಟ್ರಡಯಾಲ್ ಮತ್ತು ಟೆಸ್ಟಾಸ್ಟೆರೋನ್ ಎಂಬ ಹಾರ್ಮೋನುಗಳು ಮೊಟ್ಟೆಯಿಡುವ ಕಾಲಕ್ಕೆ ತುಸು ಮುಂಚೆ, ಅದಿನ್ನೂ ಆಳದಲ್ಲಿರುವಾಗಲೇ, ಏರತೊಡಗುತ್ತವೆ. ಹಾಗಾದರೆ ಚಳಿಗಾಲದ ಹೆಣ್ಣಿಗೆ ಈ ಹಾರ್ಮೋನನ್ನು ನಾವೇ ಕೊಟ್ಟರೆ? ಕೊಟ್ಟು ನೋಡಿದರು. ಕೆಲವು ವಾರಗಳಲ್ಲಿ ಚಳಿಗಾಲದ ಹೆಣ್ಣಿನ ಕಿವಿ ಬೇಸಿಗೆಯ ಕಿವಿಯಾಗಿತ್ತು. ಮುಂದಿನ ಅಧ್ಯಯನಗಳಲ್ಲಿ ಒಳಕಿವಿಯಲ್ಲಿಯೇ ಈಸ್ಟ್ರೋಜನ್ನನ್ನು ಗುರುತಿಸುವ ಗ್ರಾಹಿಗಳು ಸಿಕ್ಕವು. ಸದ್ದನ್ನು ಹಿಡಿಯುವ ರೋಮಕೋಶಗಳಲ್ಲಿ ಪೊಟ್ಯಾಸಿಯಂ ಕಣಗಳು ಹಾದುಹೋಗುವ ಬಾಗಿಲುಗಳಿರುತ್ತವೆ; ಇಂಥ ಒಂದು ಬಗೆಯ ಬಾಗಿಲುಗಳು ಋತುವಿಗೆ ತಕ್ಕಂತೆ ಹೆಚ್ಚುಕಡಿಮೆಯಾಗುವುದೂ ತಿಳಿದುಬಂತು. ಬಾಗಿಲು ಹೆಚ್ಚಿದಾಗ ಕೋಶ ಚುರುಕಾಗುತ್ತದೆ, ವೇಗದ ಕಂಪನಗಳನ್ನೂ ಹಿಂಬಾಲಿಸುತ್ತದೆ.

ಹಾರ್ಮೋನು ಎಂಬ ಪದವನ್ನು ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ 1905ರಲ್ಲಿ ಬಳಕೆಗೆ ತಂದರು. ಪ್ರಚೋದಿಸು ಎಂಬರ್ಥದ ಗ್ರೀಕ್ ಧಾತುವಿನಿಂದ ಬಂದದ್ದು. ಆ ಹೆಸರಿನಿಂದಲೋ ಏನೋ, ಹಾರ್ಮೋನು ಎಂದರೆ ಮೈಯೊಳಗಿನಿಂದ ಚಾಟಿ ಬೀಸುವ ಯಜಮಾನ ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿದೆ. ಹದಿಹರೆಯದವರು ಏನು ಮಾಡಿದರೂ ‘ಎಲ್ಲ ಹಾರ್ಮೋನಿನ ಆಟ’ ಎಂದು ಹಿರಿಯರು ನಗುವುದು ಇದರಿಂದಲೇ. ಈ ಮೀನಿನಲ್ಲಿ ಕಾಣುವುದು ಬೇರೆ. ‘ಇವನನ್ನು ವರಿಸು’ ಎಂದು ಹಾರ್ಮೋನು ಆಜ್ಞೆ ಮಾಡುತ್ತಿಲ್ಲ. ತಂಬೂರಿಯ ಬಿರಡೆ ತಿರುಗಿಸುವ ಶಿಷ್ಯನಂತೆ ಅದು ಕಿವಿಗೆ ಶ್ರುತಿ ಹಿಡಿದುಕೊಡುತ್ತದೆ, ಅಷ್ಟೆ. ಯಾರ ಹಾಡು ಮೇಲು ಎಂಬ ತೀರ್ಮಾನ ಆಮೇಲಿನದು.

ಹಾಡುವ ಗಂಡಿನ ಕಡೆಯೂ ಹಾರ್ಮೋನಿನ ಕೈವಾಡವಿದೆ. ಈ ಗಂಡುಗಳು ರಾತ್ರಿಯೇ ಏಕೆ ಹಾಡುತ್ತವೆ? ನಿ ಫೆಂಗ್ ಮತ್ತು ಬಾಸ್ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೊಟ್ಟಿಯ ದೀಪ ಆರಿಸದೆ ಇಟ್ಟಾಗ ಹಾಡು ಬಹುಮಟ್ಟಿಗೆ ಅಡಗಿತು. ಬೆಳಕಿದ್ದಂತೆಯೇ ಮೆಲಟೋನಿನ್ ಹಾರ್ಮೋನಿನಂತೆ ವರ್ತಿಸುವ ವಸ್ತುವನ್ನು ಕೊಟ್ಟಾಗ ಮತ್ತೆ ಶುರುವಾಯಿತು. ನಮಗೆ ನಿದ್ದೆ ತರಲು ನೆರವಾಗುವ ಹಾರ್ಮೋನೇ ಇಲ್ಲಿ ಗಾಯಕನನ್ನು ಎಬ್ಬಿಸಿ ಕೂರಿಸುತ್ತದೆ.

ಆದರೆ ಎಲ್ಲ ಗಂಡುಗಳೂ ಹಾಡುವುದಿಲ್ಲ. ಈ ಮೀನಿನಲ್ಲಿ ಗಂಡುಗಳಲ್ಲಿಯೇ ಎರಡು ವರ್ಗ. ಒಂದನೆಯದು ಗೂಡು ಕಟ್ಟಿ ಹಾಡುವ ದೊಡ್ಡ ಗಂಡು. ಎರಡನೆಯದು ಚಿಕ್ಕದು, ನೋಡಲು ಹೆಣ್ಣಿನಂತೆಯೇ ಇರುತ್ತದೆ. ಗೂಡಿಲ್ಲ, ಹಾಡು ಬರುವುದಿಲ್ಲ, ಹೆಣ್ಣಿನ ಹಾಗೆ ಗುಟುರುಹಾಕುವುದಷ್ಟೇ ಗೊತ್ತು. ಹೆಣ್ಣು ಗಾಯಕನ ಗೂಡಿಗೆ ಹೊಕ್ಕಾಗ ಇದು ಮೆಲ್ಲನೆ ನುಸುಳಿ, ಇಲ್ಲವೇ ಬಾಗಿಲಲ್ಲೇ ನಿಂತು, ತನ್ನ ರೇತಸ್ಸನ್ನು ಬಿಟ್ಟು ಹೋಗುತ್ತದೆ. ಮೈಯ ತೂಕಕ್ಕೆ ಹೋಲಿಸಿದರೆ ಇದರ ವೃಷಣ ಗಾಯಕನದಕ್ಕಿಂತ ಒಂಬತ್ತು ಪಟ್ಟು ದೊಡ್ಡದು. ಕಂಠಕ್ಕೆ ಹಾಕಬೇಕಾದ ಬಂಡವಾಳವನ್ನೆಲ್ಲ ಇದು ಅಲ್ಲಿಗೆ ಹಾಕಿದೆ. ಗಾಯಕನ ರಕ್ತದಲ್ಲಿ 11-ಕೀಟೊಟೆಸ್ಟಾಸ್ಟೆರೋನ್ ಹೆಚ್ಚು. ಮೀನುಗಳ ಲೋಕದಲ್ಲಿ ಗಂಡಸುತನದ ಮುಖ್ಯ ಹಾರ್ಮೋನು ಇದೇ. ಕಳ್ಳ ಗಂಡಿನಲ್ಲಿ ಅದು ತೀರಾ ಕಡಿಮೆ. ಹೀಗಾಗಿ ಹೆಣ್ಣು ಇಷ್ಟೆಲ್ಲ ಕಿವಿಗೊಟ್ಟು ಆರಿಸಿದ ವರನೊಬ್ಬ, ಮರಿಗಳಲ್ಲಿ ಕೆಲವಕ್ಕೆ ತಂದೆ ಇನ್ನೊಬ್ಬ. ಗೂಡು ಕಾಯುವ ಗಂಡು ಆ ಮರಿಗಳನ್ನೂ ಸಾಕುತ್ತದೆ.

ಕಿವಿಯ ಕಥೆ ಇಷ್ಟಾದರೆ ಮೂಗಿನದು ಇನ್ನೂ ಸೋಜಿಗದ್ದು. ನಮ್ಮ ಮನೆಗಳ ಗಾಜಿನ ತೊಟ್ಟಿಯಲ್ಲಿ ಈಜುವ ಗೋಲ್ಡ್‌ಫಿಶ್ ಮೀನನ್ನೇ ತೆಗೆದುಕೊಳ್ಳಿ. ಕೆನಡಾದ ನಾರ್ಮನ್ ಸ್ಟೇಸಿ ಮತ್ತು ಅಮೆರಿಕದ ಪೀಟರ್ ಸೊರೆನ್‌ಸೆನ್ 1980ರ ದಶಕದಿಂದ ಇದರ ಬೆನ್ನು ಹತ್ತಿದರು. ಹೆಣ್ಣಿನ ಮೊಟ್ಟೆ ಹಣ್ಣಾಗುವಾಗ ಅದರ ಮೈಯಲ್ಲಿ ಒಂದು ಸ್ಟಿರಾಯ್ಡ್ ಹಾರ್ಮೋನು ಏರುತ್ತದೆ. ಅದರ ಒಂದಂಶ ನೀರಿಗೂ ಸೋರುತ್ತದೆ. ಗಂಡಿನ ಮೂಗು ಇದನ್ನು ಹಿಡಿದ ಕೆಲವೇ ನಿಮಿಷಗಳಲ್ಲಿ ಗಂಡಿನ ಪಿಟ್ಯುಟರಿ ಗ್ರಂಥಿ ಎಚ್ಚೆತ್ತು ತನ್ನ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ, ಬೆಳಗಾಗುವುದರೊಳಗೆ ರೇತಸ್ಸು ತುಂಬಿಕೊಳ್ಳುತ್ತದೆ. ಎಷ್ಟು ಹಾರ್ಮೋನು ಇದ್ದರೆ ಮೂಗಿಗೆ ತಿಳಿಯುತ್ತದೆ? ಕಾವೇರಿಯ ಜಗಳದಿಂದ ನಮಗೆಲ್ಲ ಟಿಎಂಸಿ ಲೆಕ್ಕ ಬಾಯಿಪಾಠವಾಗಿದೆಯಲ್ಲ. ಒಂದು ಟಿಎಂಸಿ ನೀರಿಗೆ ಒಂದು ಗ್ರಾಮಿನಷ್ಟು ಬೆರೆತರೆ ಸಾಕು!

ಮೊಟ್ಟೆ ಅಂಡಾಶಯದಿಂದ ಬಿಡುಗಡೆಯಾದ ಮೇಲೆ ಎರಡನೆಯ ಹಾರ್ಮೋನು ಬರುತ್ತದೆ. ಅದು ಪ್ರೋಸ್ಟಗ್ಲಾಂಡಿನ್. ಅದು ಹೆಣ್ಣಿನ ಮಿದುಳಿಗೆ ‘ಮೊಟ್ಟೆ ಸಿದ್ಧ’ ಎಂಬ ಸುದ್ದಿ ಮುಟ್ಟಿಸುತ್ತದೆ. ಮೂತ್ರದ ಮೂಲಕ ಹೊರಬಿದ್ದು ಅದೇ ಸುದ್ದಿಯನ್ನು ಗಂಡಿಗೂ ಸಾರುತ್ತದೆ. ಮೊಟ್ಟೆಯೇ ಇಲ್ಲದ ಹೆಣ್ಣಿಗೆ ಈ ಪ್ರೋಸ್ಟಗ್ಲಾಂಡಿನ್ ಚುಚ್ಚಿದರೆ ಅದು ಮೊಟ್ಟೆಯಿಡುವ ಹಾವಭಾವವನ್ನೆಲ್ಲ ತೋರಿಸುತ್ತದೆ. ಗಂಡಿಗೆ ಚುಚ್ಚಿದರೆ ಗಂಡೂ ಹಾಗೆಯೇ ಮಾಡುತ್ತದೆ! ಆಫ್ರಿಕಾದ ಟಾಂಗನೀಕಾ ಸರೋವರದ ಸಿಕ್ಲಿಡ್ ಮೀನಿನಲ್ಲಿ ಇದರ ಇನ್ನೊಂದು ಮುಖವನ್ನು ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದರು. ಪ್ರೋಸ್ಟಗ್ಲಾಂಡಿನ್ ಗ್ರಹಿಸುವ ಜೀನನ್ನು ಕತ್ತರಿಸಿ ತೆಗೆದ ಹೆಣ್ಣುಗಳಲ್ಲಿ ಮೊಟ್ಟೆ ಬಲಿತವು. ಆದರೆ ಗಂಡು ಎಷ್ಟು ಕುಣಿದರೂ ಅವು ಕೂಡಲು ಹೋಗಲಿಲ್ಲ.

ಜಪಾನಿನ ಗದ್ದೆಗಳಲ್ಲಿ ಸಿಗುವ ಮೆಡಾಕ ಎಂಬ ಪುಟ್ಟ ಮೀನಿನಲ್ಲಿ ಪರಿಚಯಕ್ಕೆ ಬೆಲೆಯಿದೆ. (1994ರಲ್ಲಿ ಕೊಲಂಬಿಯಾ ಗಗನನೌಕೆಯಲ್ಲಿ ಹೋಗಿ ಬಾಹ್ಯಾಕಾಶದಲ್ಲಿ ಕೂಡಿ ಮರಿ ಮಾಡಿದ ಮೊದಲ ಕಶೇರುಕ ಇದೇ.) ಗಾಜಿನ ಆಚೆಯಿಂದ ರಾತ್ರಿಯಿಡೀ ನೋಡಿದ ಗಂಡನ್ನು ಹೆಣ್ಣು ಬೆಳಿಗ್ಗೆ ಬೇಗ ಒಪ್ಪುತ್ತದೆ, ಅಪರಿಚಿತನನ್ನು ಸತಾಯಿಸುತ್ತದೆ. ಟೋಕಿಯೋದ ಸಂಶೋಧಕರು 2014ರಲ್ಲಿ ಇದರ ಕೀಲನ್ನು ಮಿದುಳಿನ ಮುಂಭಾಗದ ಕೆಲವೇ ಕೆಲವು ನರಕೋಶಗಳಲ್ಲಿ ಕಂಡರು. ಅವು ಜಿಎನ್‌ಆರ್‌ಎಚ್ ಎಂಬ ಹಾರ್ಮೋನಿನ ಒಂದು ಬಗೆಯನ್ನು ತಯಾರಿಸುತ್ತವೆ. ಮಾಮೂಲಾಗಿ ಬಾಗಿಲು ಮುಚ್ಚಿ ಹಿಡಿಯುವ ಈ ಕೋಶಗಳು ಪರಿಚಿತನನ್ನು ಕಂಡಾಗ ಚುರುಕಾಗಿ ಮಿಡಿದು ಬಾಗಿಲು ತೆರೆಯುತ್ತವೆ. ಲೇಸರ್‌ನಿಂದ ಅವನ್ನು ನಾಶಪಡಿಸಿದಾಗ ಹೆಣ್ಣು ಅಪರಿಚಿತನನ್ನೂ ತಡವಿಲ್ಲದೆ ಒಪ್ಪಿತು.

ಇದೇ ಜಿಎನ್‌ಆರ್‌ಎಚ್ ಹೆಸರು ನಮ್ಮ ಮೀನು ಸಾಕಣೆದಾರರಿಗೆ ಹೊಸತಲ್ಲ. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಮಳೆಗಾಲದ ಹರಿವ ಹೊಳೆಯಲ್ಲಿ ಮೊಟ್ಟೆಯಿಡುವಂಥವು. ಕೆರೆಯ ನಿಂತ ನೀರಿನಲ್ಲಿ ಮೊಟ್ಟೆ ಬಲಿತರೂ ಇಡುವುದಿಲ್ಲ. 1957ರ ಜುಲೈ 10ರಂದು ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಅವರು ಬೇರೆ ಮೀನಿನ ಪಿಟ್ಯುಟರಿ ಗ್ರಂಥಿಯನ್ನು ಅರೆದು ಚುಚ್ಚಿ ಈ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸಿದರು. ಆ ದಿನವನ್ನು ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಈಗ ಮೀನುಮರಿ ಕೇಂದ್ರಗಳಲ್ಲಿ ಹೆಚ್ಚಾಗಿ ಬಳಸುವ ಸಿದ್ಧ ಚುಚ್ಚುಮದ್ದಿನಲ್ಲಿ ಜಿಎನ್‌ಆರ್‌ಎಚ್‌ನ ಕೃತಕ ರೂಪವಿದೆ. ಜೊತೆಗೆ ಡೊಂಪೆರಿಡೋನ್ ಇದೆ. ವಾಂತಿ ನಿಲ್ಲಿಸಲು ವೈದ್ಯರು ನಮಗೆ ಬರೆದುಕೊಡುವ ಔಷಧಿಯೇ ಅದು. ಮೀನಿನಲ್ಲಿ ಪಿಟ್ಯುಟರಿಯನ್ನು ಅದುಮಿ ಹಿಡಿದಿರುವ ಡೋಪಮಿನ್ನನ್ನು ತಡೆಯುತ್ತದೆ. ಮುಂಗಾರು ಮಾಡುವ ಕೆಲಸವನ್ನು ಸೂಜಿ ಮಾಡುತ್ತದೆ.

ನಾವು ತಿನ್ನುವ ಅಗ್ಗದ ಮೀನು ಈ ಸೂಜಿಯ ಕೃಪೆ, ಅದನ್ನು ಹಳಿಯುವಂತಿಲ್ಲ. ಆದರೆ ಇಲ್ಲಿ ಸ್ವಯಂವರವಿಲ್ಲ. ಯಾವ ಹೆಣ್ಣಿಗೆ ಯಾವ ಗಂಡು ಎಂದು ಬಲೆ ಹಿಡಿದವರು ನಿರ್ಧರಿಸುತ್ತಾರೆ. ಕೆಲವೇ ಮೀನುಗಳಿಂದ ಲಕ್ಷಗಟ್ಟಲೆ ಮರಿ ಸಿಗುವುದರಿಂದ ವರ್ಷ ವರ್ಷವೂ ಅದೇ ಕುಟುಂಬದೊಳಗೆ ಕೂಡಿಸುವ ಅಪಾಯವಿದೆ. ಕರ್ನಾಟಕದ ಮೀನುಮರಿ ಕೇಂದ್ರಗಳನ್ನೇ ಅಧ್ಯಯನ ಮಾಡಿ ಅಂಬೇಕರ್ ಏಕನಾಥ್ ಮತ್ತು ರೋಜರ್ ಡಾಯ್ಲ್ 1990ರಲ್ಲಿ ಇಂಥ ಒಳಸಂಬಂಧದ ಬಗ್ಗೆ ಎಚ್ಚರಿಸಿದ್ದರು.

ಕೇಂದ್ರಗಳಲ್ಲಿ ಕೊಡುವ ಹಾರ್ಮೋನಿಗಾದರೂ ಅಳತೆಯಿದೆ. ಅಳತೆಯಿಲ್ಲದೆ, ಯಾರಿಗೂ ಹೇಳದೆ ನೀರಿಗೆ ಸೇರುವುದರ ಮಾತೇನು? ಗರ್ಭನಿರೋಧಕ ಗುಳಿಗೆಯಲ್ಲಿರುವ ಕೃತಕ ಈಸ್ಟ್ರೋಜನ್ ಮೂತ್ರದ ಮೂಲಕ ಚರಂಡಿಗೆ, ಅಲ್ಲಿಂದ ಹೊಳೆಗೆ ಹೋಗುತ್ತದೆ. ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ ಬಿಸ್ಫಿನಾಲ್-ಎ ಎಂಬ ರಾಸಾಯನಿಕವೂ ಮೈಯೊಳಗೆ ಈಸ್ಟ್ರೋಜನ್ನಿನ ವೇಷ ಹಾಕಬಲ್ಲದು. ಅಮೆರಿಕದ ಜೆಸಿಕಾ ವಾರ್ಡ್ ಮತ್ತು ಮೈಕೆಲ್ ಬ್ಲಮ್ 2012ರಲ್ಲಿ ಹತ್ತಿರದ ಸಂಬಂಧಿಗಳಾದ ಎರಡು ಜಾತಿಯ ಶೈನರ್ ಮೀನುಗಳ ಮೇಲೆ ಇದನ್ನು ಪ್ರಯೋಗಿಸಿದರು. ಒಂದು ಆ ಹೊಳೆಯ ಮೂಲನಿವಾಸಿ. ಇನ್ನೊಂದು ಹೊರಗಿನಿಂದ ಬಂದು ಹಬ್ಬಿದ್ದು. ಬಿಸ್ಫಿನಾಲ್ ಬೆರೆತ ನೀರಿನಲ್ಲಿದ್ದ ಗಂಡುಗಳ ಬಣ್ಣ ಬದಲಾಯಿತು, ಮೀನುಗಳ ಆಯ್ಕೆಯ ಬಿಗಿ ಸಡಿಲಿತು, ತನ್ನವರು ಬೇರೆಯವರೆಂಬ ಭೇದ ಕುಗ್ಗಿತು. ಜಾತಿ ಮೀರುವುದು ನಮ್ಮಲ್ಲಿ ಪ್ರಗತಿಯ ಲಕ್ಷಣವಾದರೂ ಮೀನಿನ ಲೆಕ್ಕ ಬೇರೆ. ಅಲ್ಲಿ ಮಿಶ್ರತಳಿ ಹೆಚ್ಚಿದಷ್ಟೂ ಮೂಲನಿವಾಸಿ ಮೀನು ಕರಗುತ್ತದೆ. ಒಂದೂ ಮೀನು ಸಾಯದೆ ಒಂದು ಜಾತಿ ಅಳಿಯಬಹುದು.

ಸಾಯುವುದೂ ಉಂಟು. ಕೆನಡಾದ ಒಂಟಾರಿಯೋ ಪ್ರಾಂತದ ವಾಯವ್ಯದಲ್ಲಿ ಪ್ರಯೋಗಕ್ಕೆಂದೇ ಕಾದಿರಿಸಿದ ಸರೋವರಗಳಿವೆ. ಅಲ್ಲಿಯ 260ನೇ ನಂಬರಿನ ಸರೋವರಕ್ಕೆ ಕೆರನ್ ಕಿಡ್ ಮತ್ತು ಸಂಗಡಿಗರು 2001ರಿಂದ 2003ರವರೆಗೆ ಮೂರು ಬೇಸಿಗೆ ಗುಳಿಗೆಯ ಈಸ್ಟ್ರೋಜನ್ ಬೆರೆಸಿದರು. ಲೀಟರಿಗೆ 5ರಿಂದ 6 ನ್ಯಾನೋಗ್ರಾಂ. ಮತ್ತೆ ನಮ್ಮ ಲೆಕ್ಕದಲ್ಲಿ ಹೇಳಿದರೆ ಟಿಎಂಸಿಗೆ ಸುಮಾರು 150 ಗ್ರಾಂ. ಅಲ್ಲಿದ್ದ ಫ್ಯಾಟ್‌ಹೆಡ್ ಮಿನ್ನೋ ಎಂಬ ಸಣ್ಣ ಮೀನಿನ ಗಂಡುಗಳ ಮೈಯಲ್ಲಿ ಹೆಣ್ಣಿಗೆ ಮಾತ್ರ ಬೇಕಾದ, ಮೊಟ್ಟೆಯ ಭಂಡಾರದ ಪ್ರೋಟೀನು ತಯಾರಾಗತೊಡಗಿತು. ವೃಷಣಗಳ ಬೆಳವಣಿಗೆ ಕೆಟ್ಟಿತು. ಎರಡನೆಯ ವರ್ಷ ಕಳೆಯುವ ಹೊತ್ತಿಗೆ ಮರಿಗಳೇ ಕಾಣದಾದವು. ಆಮೇಲೆ ಆ ಮೀನು ಸರೋವರದಿಂದ ಹೆಚ್ಚುಕಡಿಮೆ ಮಾಯವಾಯಿತು. ಅದನ್ನು ತಿಂದು ಬದುಕುತ್ತಿದ್ದ ಟ್ರೌಟ್ ಮೀನುಗಳೂ ಸೊರಗಿದವು. ಹಾರ್ಮೋನು ಸುರಿಯುವುದನ್ನು 2003ಕ್ಕೆ ನಿಲ್ಲಿಸಿದರು. ಅಲ್ಲಿಂದ ಕೆಲವು ವರ್ಷ ಕಾದ ಮೇಲೆ ಮಿನ್ನೋ ಮರಿಗಳು ಮತ್ತೆ ಬಲೆಗೆ ಬೀಳತೊಡಗಿದವು.